ಬದನವಾಳಿನ ಜಗಲಿಯಲ್ಲಿ ಮುಸ್ತಾಫಾ

ಹಳೆಯ ವಿಡಿಯೋ ಗೇಮೊಂದನ್ನು ನೋಡಲೆಂದೇ ಬದನವಾಳಿಗೆ ಹೊರಟಿದ್ದೆ. ಮೈಸೂರು ಬಿಡುವ ಮುನ್ನ ಜಗನ್ಮೋಹನ ಅರಮನೆಗೆ ಹೋದೆ. ಆಟವೆಂದರೆ ಜೀವ ಬಿಡುತ್ತಿದ್ದ ದೊರೆಯೊಬ್ಬರು ಬಾಳಿದ ಊರು ಇದು. ಅವರು ಬರೆಸಿದ ಗೋಡೆಗಳನ್ನು ಕಣ್ತುಂಬ ನೋಡಿಕೊಂಡು ಹೊರಡಬೇಕೆನಿಸಿತು.

ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಪಟ್ಟಕ್ಕೆ ಬಂದಾಗ ಐದು ವರ್ಷದ ಕೂಸು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ ಅವರಿಗೆ ಸಿಂಹಾಸನವಿತ್ತು, ಅಧಿಕಾರವಿರಲಿಲ್ಲ. ಆ ವರ್ಷಗಳನ್ನೆಲ್ಲ ಅವರು ಗ್ರಂಥಕ್ಕೆ, ಚಿತ್ರಕ್ಕೆ, ಆಟಕ್ಕೆ ಸುರಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಕ್ಕೆ ಕೌತುಕನಿಧಿ ಎಂದೇ ಹೆಸರು. 1861ರಲ್ಲಿ ಕಟ್ಟಿಸಿದ ಈ ಅರಮನೆಯ ಗೋಡೆಗಳ ಮೇಲೆ ಆಟದ ಪಟಗಳೂ ಚಿತ್ರಗಳಾಗಿ ನಿಂತಿವೆ. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿ ಒಂದನ್ನೂ ಬಿಡದೆ, ಯಾವುದಕ್ಕೂ ಎರಡನೆಯ ಸಲ ಕಾಲಿಡದೆ ಓಡಿಸುವ ಲೆಕ್ಕ ಅವರಿಗೆ ಬಲು ಪ್ರಿಯವಾಗಿತ್ತು. ಗಂಜೀಫಾ ಎಂಬ ಎಲೆಯಾಟದಲ್ಲಂತೂ ಹೊಸ ಹೊಸ ಕಟ್ಟುಗಳನ್ನೇ ಹುಟ್ಟಿಸಿದರು. ಚಾಮುಂಡೇಶ್ವರಿ ಛದ್ ಎಂಬ ಆಟವೊಂದಕ್ಕೇ 320 ಎಲೆ. ಒಂದೊಂದು ಎಲೆಯ ಮೇಲೂ ಕೈಯಲ್ಲಿ ಬರೆದ ಚಿತ್ರ. ಇದನ್ನು ಕೈಯಲ್ಲಿ ಹಿಡಿಯುವುದು ಹೇಗೆ, ಹಂಚುವುದು ಹೇಗೆ, ನೆನಪಿಡುವುದು ಹೇಗೆ ಎಂದು ಎಣಿಸುತ್ತ ನಿಂತರೆ ತಲೆ ತಿರುಗುತ್ತದೆ. ಇಷ್ಟೆಲ್ಲ ಕಟ್ಟಿದ ದೊರೆಗೆ ಎದುರು ಕೂತು ಆಡುವವರು ಎಷ್ಟು ಜನ ಸಿಕ್ಕಿದ್ದರೋ ಎಂಬ ಯೋಚನೆಯೂ ಬಂತು. ಆಟಕ್ಕೆ ಪಟ ಸಾಲದು, ಜೊತೆ ಬೇಕು.

ಅರಮನೆಯಾಚೆಗೆ ಜೊತೆಗೇನೂ ಬರವಿರಲಿಲ್ಲ. ನಮ್ಮ ಸೀಮೆಯ ಊರೂರ ಜಗಲಿಗಳ ಮೇಲೆ ಚೌಕಾಬಾರದ ಮನೆ ಗೀಚಿರುತ್ತಿತ್ತು. ಕಲ್ಲಾದರೆ ಉಳಿಯಿಂದ, ಗಾರೆಯಾದರೆ ಮೊಳೆಯಿಂದ, ಏನೂ ಇಲ್ಲದಿದ್ದರೆ ಇದ್ದಿಲಿನಿಂದ. ಐದೈದರ ಇಪ್ಪತ್ತೈದು ಮನೆ, ನಾಲ್ಕು ಕವಡೆ. ಕವಡೆ ಇಲ್ಲದವರು ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತೇದು ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ದಾರಿಯಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣು. ಆಡುವವರು ನಾಲ್ವರಾದರೆ ಹೇಳಿಕೊಡುವವರು ಹತ್ತು ಮಂದಿ. ನಾನು ವಿಡಿಯೋ ಗೇಮಿನ ಅಂಗಡಿಗೆ ಕಾಲಿಟ್ಟಾಗ ಅಲ್ಲಿ ಹೊಸದೆನಿಸಿದ್ದು ಪರದೆಯೊಂದೇ. ಹಿಂದೆ ನಿಂತು ಕೂಗುವ ಜನ ನನಗೆ ಮೊದಲೇ ಗೊತ್ತಿದ್ದರು.

ಆ ಅಂಗಡಿ ಇದ್ದದ್ದು ನಂಜನಗೂಡಿನಲ್ಲಿ. ಮೈಸೂರಿನಿಂದ ಬಸ್ಸು ಕಪಿಲಾ ನದಿ ದಾಟುವಾಗ ಈಗಲೂ ಎಲ್ಲರ ಕಣ್ಣು 1735ರ ಕಲ್ಲಿನ ಸೇತುವೆಯ ಕಡೆಗೊಮ್ಮೆ, ಶ್ರೀಕಂಠೇಶ್ವರನ ಗೋಪುರದ ಕಡೆಗೊಮ್ಮೆ ಹೊರಳುತ್ತದೆ. ಹಳ್ಳಿಯ ಹುಡುಗರಾದ ನಮಗೆ ದೊಡ್ಡ ಜಾತ್ರೆಯ ಐದು ತೇರುಗಳೂ ಬೇಕಿದ್ದವು, ಬಸ್ ಸ್ಟ್ಯಾಂಡಿನ ಹತ್ತಿರದ ಗಲ್ಲಿಯೂ ಬೇಕಿತ್ತು. ಒಂದೇ ಬಾಗಿಲಿನ ಅಂಗಡಿ. ಬಿಸಿಲು ಒಳಗೆ ಬಾರದ ಹಾಗೆ ಬಾಗಿಲಿಗೆ ದಪ್ಪನೆಯ ನೀಲಿ ಪರದೆ. ಅದನ್ನು ಸರಿಸಿ ಒಳಹೊಕ್ಕರೆ ಊದುಬತ್ತಿ, ಬೆವರು, ಕಾದ ಪ್ಲೈವುಡ್ಡಿನ ವಾಸನೆ ಒಟ್ಟಿಗೇ ಮೂಗಿಗೆ ಹೊಡೆಯುತ್ತಿತ್ತು. ಗೋಡೆಗೆ ಆನಿಸಿ ನಿಲ್ಲಿಸಿದ ಪೆಟ್ಟಿಗೆಗಳು. ಕತ್ತಲಲ್ಲಿ ಹುಡುಗರ ಮುಖಗಳ ಮೇಲೆ ಮಾತ್ರ ನೀಲಿ, ಕೆಂಪು, ಹಳದಿ ಬೆಳಕು.

ಒಂದು ಆಟಕ್ಕೆ ಒಂದು ರೂಪಾಯಿ. ಮುಂದಿನ ಸರದಿ ನನ್ನದು ಎನ್ನಲು ನಾಣ್ಯವನ್ನು ಪರದೆಯ ಕೆಳಗಿನ ಅಂಚಿನಲ್ಲಿ ಇಟ್ಟರೆ ಸಾಕು, ಇಟ್ಟವನು ಹೊರಗೆ ಹೋಗಿ ಕಡಲೆಕಾಯಿ ತಿಂದು ಬಂದರೂ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಯಾರೂ ಬರೆದಿಡದ ಈ ಕಾನೂನು ಹೇಗೆ ಹುಟ್ಟಿತೆಂದು ನನಗೆ ಇವತ್ತಿಗೂ ಆಶ್ಚರ್ಯ. ಇನ್ನೊಂದು ಕಾನೂನೂ ಇತ್ತು. ಚಿಕ್ಕವನೊಬ್ಬನಿಗೆ ಬಾಸ್ ಸೋಲುತ್ತಿಲ್ಲವೆಂದರೆ, ‘ಅಣ್ಣಾ, ಇದೊಂದು ಪಾಸ್ ಮಾಡ್ಕೊಡಣ್ಣ’ ಎಂದು ಕೇಳಿದರೆ, ದೊಡ್ಡವನು ಆಟದ ಕೋಲು ಹಿಡಿದು ಬಾಸನ್ನು ಮುಗಿಸಿ, ಉಳಿದ ಲೈಫನ್ನು ಮರಳಿ ಚಿಕ್ಕವನ ಕೈಗೇ ಒಪ್ಪಿಸಬೇಕು. ಒಪ್ಪಿಸುತ್ತಿದ್ದರು ಕೂಡ. ಕರೆಂಟು ಹೋದಾಗ ಅಂಗಡಿಯ ಅಷ್ಟೂ ಜನರ ಬಾಯಿಂದ ಏಳುತ್ತಿದ್ದ ‘ಅಯ್ಯೋ’ ಎಂಬ ಒಂದೇ ದನಿ ಗಲ್ಲಿಯ ಆಚೆ ತುದಿಗೂ ಕೇಳುತ್ತಿತ್ತು.

ಈಗ ಅಲ್ಲಿ ಔಷಧಿ ಅಂಗಡಿ. ಎದುರಿಗೆ ನಿಂತು ಸುಮ್ಮನೆ ನೋಡಿದೆ. ಆ ಪೆಟ್ಟಿಗೆಗಳ ಒಳಗೆ ಏನಿತ್ತೆಂದು ಆಗ ನಮಗೆ ಗೊತ್ತಿರಲಿಲ್ಲ. ಆಮೇಲೆ ತಿಳಿದುಕೊಂಡೆ. ತಿಳಿದಷ್ಟೂ ಬೆರಗು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಕೋಲಿನ ಬುಡದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಪುಟ್ಟ ಸ್ವಿಚ್ಚು. ಟಿಕ್ ಟಿಕ್ ಎನ್ನುತ್ತಿದ್ದದ್ದು ಅವೇ. ನಾಣ್ಯ ಜಾರಿ ಬೀಳುವಾಗ ಒಂದು ತಂತಿಯನ್ನು ತಟ್ಟುತ್ತದೆ, ಅದು ಇನ್ನೊಂದು ಸ್ವಿಚ್ಚನ್ನು ಒತ್ತುತ್ತದೆ, ಆಟಕ್ಕೆ ಜೀವ ಬರುತ್ತದೆ. ಈ ಜಗತ್ತನ್ನು ಕಟ್ಟಿದವರ ಕೈಯಲ್ಲಿದ್ದ ಸಾಮಗ್ರಿ ತೀರಾ ಕಡಿಮೆ. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಮಾಡಿದಾಗ ಅದರ ಪ್ರೊಸೆಸರಿಗೆ ಪರದೆ ತುಂಬಿದ ಶತ್ರುಗಳನ್ನು ಬೇಗ ಬೇಗ ಓಡಿಸುವ ಶಕ್ತಿ ಇರಲಿಲ್ಲ. ಆಟಗಾರ ಒಂದೊಂದನ್ನೇ ಹೊಡೆದು ಉರುಳಿಸಿದಂತೆ ಅದರ ಹೊರೆ ಇಳಿಯಿತು. ಉಳಿದ ಶತ್ರುಗಳ ವೇಗ ತಾನಾಗಿಯೇ ಏರಿತು. ನಿಶಿಕಾಡೊ ಅದನ್ನು ಹಾಗೆಯೇ ಬಿಟ್ಟರು. ಕೊನೆಯ ಶತ್ರು ಹುಚ್ಚೆದ್ದು ಓಡುವಾಗ ಎದೆ ಹೊಡೆದುಕೊಳ್ಳುವುದಕ್ಕೆ ಯಂತ್ರದ ಬಡತನವೇ ಕಾರಣ! 1980ರ ‘ಪ್ಯಾಕ್-ಮ್ಯಾನ್’ ಆಟದಲ್ಲಿ ನಾಲ್ಕು ದೆವ್ವಗಳಿಗೂ ಬೇರೆ ಬೇರೆ ಬುದ್ಧಿ ಇಟ್ಟಿದ್ದಾರೆ: ಕೆಂಪನೆಯದು ನೇರ ಬೆನ್ನು ಹತ್ತುತ್ತದೆ, ಗುಲಾಬಿಯದು ನೀವು ಹೋಗಲಿರುವ ಕಡೆಗೆ ಮೊದಲೇ ಹೋಗಿ ಅಡ್ಡಗಟ್ಟುತ್ತದೆ. ಅಷ್ಟು ಜಾಣ ಆಟ 256ನೆಯ ಹಂತ ಮುಟ್ಟಿದಾಗ ಎಣಿಕೆ ಅದರ ಅಳತೆ ಮೀರುತ್ತದೆ. ಪರದೆಯ ಅರ್ಧ ಭಾಗ ಅಕ್ಷರ, ಅಂಕಿ, ಚೂರುಗಳ ರಾಶಿಯಾಗಿ ಕುಸಿಯುತ್ತದೆ. ಆ ಅಂಚಿಗೆ ತಲುಪಿದ ಮನುಷ್ಯರೂ ಇದ್ದಾರೆಂಬುದು ನನಗೆ ಹಿಮಾಲಯ ಹತ್ತಿದವರ ಸುದ್ದಿಯಷ್ಟೇ ದೊಡ್ಡದು.

ನಮ್ಮ ದೇವರು ಮಾತ್ರ ಮುಸ್ತಾಫಾ. ಒಸಾಕಾದ ಕ್ಯಾಪ್‌ಕಾಂ ಕಂಪನಿ 1993ರಲ್ಲಿ ಹೊರತಂದ ಆ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್’. ಅಮೆರಿಕದ ಮಾರ್ಕ್ ಷುಲ್ಟ್ಸ್ ಬರೆದ ಕಾಮಿಕ್ಸಿನಿಂದ ಹುಟ್ಟಿದ್ದು. ಭೂಮಿ ಹಾಳಾಗಿ, ಡೈನೊಸಾರುಗಳು ಮತ್ತೆ ಓಡಾಡುವ ಕಾಲ. ಅವುಗಳನ್ನು ಬೇಟೆಗಾರರಿಂದ ಉಳಿಸುವುದು ನಾಯಕರ ಕೆಲಸ. ಜ್ಯಾಕ್, ಹ್ಯಾನಾ, ಮುಸ್ತಾಫಾ, ಮೆಸ್ ಎಂದು ನಾಲ್ವರು. ಹಳದಿ ಟೋಪಿಯ ಮುಸ್ತಾಫಾನೇ ಎಲ್ಲರಿಗಿಂತ ಚುರುಕು. ಅವನ ಓಟ, ಹಾರಿ ಒದೆಯುವ ಕಾಲು, ಪೀಪಾಯಿ ಒಡೆದರೆ ಸಿಗುವ ಊಟ, ಮೂರನೆಯ ಸ್ಟೇಜಿನ ಕಾರು! ಇಂಡಿಯಾದ ಎಷ್ಟೋ ಊರುಗಳ ಹುಡುಗರು ಆ ಇಡೀ ಆಟವನ್ನೇ ಮುಸ್ತಾಫಾ ಎಂದು ಕರೆದರು. ನಂಜನಗೂಡಿನಲ್ಲೂ ಅದೇ ಹೆಸರು. ಜಪಾನಿನವರು ಮಾಡಿದ, ಅಮೆರಿಕದ ಕಥೆಯ, ಕೈರೋ ಎಂಬ ಅಡ್ಡಹೆಸರಿನ ವೀರನೊಬ್ಬ ಕಪಿಲೆಯ ದಡದಲ್ಲಿ ನಮ್ಮ ಓರಗೆಯವನಾಗಿಬಿಟ್ಟ.

ಆ ಅಂಗಡಿಯಲ್ಲಿ ನನ್ನ ಪಕ್ಕದ ಕೋಲು ಹಿಡಿಯುತ್ತಿದ್ದವನು ಬದನವಾಳಿನ ಹುಡುಗ, ನನಗಿಂತ ಚಿಕ್ಕವನು. ಹೆಸರು ಗೊತ್ತಿತ್ತು, ಊರು ಗೊತ್ತಿತ್ತು, ಮತ್ತೇನೂ ಗೊತ್ತಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಅದೂ ಕಳೆದುಹೋಯಿತು. ಮತ್ತೆ ಸಿಕ್ಕಿದ್ದು ಆರ್ಕುಟ್ಟಿನಲ್ಲಿ. 2004ರಲ್ಲಿ ಗೂಗಲ್ಲಿನ ಇಂಜಿನಿಯರೊಬ್ಬರು ತಮ್ಮದೇ ಹೆಸರಿಟ್ಟು ಕಟ್ಟಿದ ಆ ತಾಣ ಬ್ರೆಜಿಲ್ಲಿನವರಿಗೂ ನಮ್ಮವರಿಗೂ ಹುಚ್ಚು ಹಿಡಿಸಿತ್ತು. ಅಲ್ಲಿ ಓದಿದ ಶಾಲೆಗೊಂದು, ಹುಟ್ಟಿದ ಊರಿಗೊಂದು, ಮೆಚ್ಚಿದ ನಟನಿಗೊಂದು ಕಮ್ಯುನಿಟಿ. ಹಳೆಯ ಗೇಮುಗಳ ಕಮ್ಯುನಿಟಿಯೊಂದರಲ್ಲಿ ಯಾರೋ ‘ಮುಸ್ತಾಫಾ ನೆನಪಿದೆಯಾ’ ಎಂದು ಕೇಳಿದ್ದರು. ಕೆಳಗೆ ಸಾಲು ಸಾಲು ಉತ್ತರ: ಹಾಸನ, ಹುಬ್ಬಳ್ಳಿ, ಸೇಲಂ, ನಾಗಪುರ. ನಡುವೆ ಒಬ್ಬ ಇಂಗ್ಲಿಷಿನ ಅಕ್ಷರದಲ್ಲಿ ಕನ್ನಡ ಬರೆದಿದ್ದ: ‘ನಂಜನಗೂಡು ಬಸ್ ಸ್ಟ್ಯಾಂಡ್ ಹತ್ರ, ನೀಲಿ ಪರ್ದೆ.’ ಸೈಬರ್ ಕೆಫೆಯ ಕುರ್ಚಿಯಿಂದ ನಾನು ಎದ್ದು ನಿಂತೇಬಿಟ್ಟೆ. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಅಷ್ಟರಲ್ಲಿ ನಮ್ಮಿಬ್ಬರ ಬಳಿ ಒಬ್ಬರದೊಬ್ಬರ ಫೋನ್ ನಂಬರು ಇತ್ತು. ಆ ಪುಟದಲ್ಲಿದ್ದ ಉಳಿದವರು ಎಲ್ಲಿದ್ದಾರೋ. ಅವರಲ್ಲಿ ಒಬ್ಬೊಬ್ಬರ ಅಂಗಡಿಯ ಪರದೆಯ ಬಣ್ಣವೂ ನನಗೆ ಇನ್ನೂ ನೆನಪಿದೆ.

ಚಾಮರಾಜನಗರದ ಬಸ್ಸು ಬದನವಾಳಿನಲ್ಲಿ ಇಳಿಸಿದಾಗ ಅವನು ಬೈಕಿನ ಮೇಲೆ ಕಾಯುತ್ತಿದ್ದ. ಬೆಂಗಳೂರಿನ ಕೆಲಸ ಬಿಟ್ಟು ಬಂದು ನಂಜನಗೂಡಿನಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ‘ಮನೆಗೆ ಆಮೇಲ್ ಹೋಗವಾ, ಮೊದ್ಲು ಖಾದಿ ಕೇಂದ್ರ ನೋಡ್ಕ ಬಾ ಅಣ್ಣ’ ಎಂದ.

ತಗಡೂರು ರಾಮಚಂದ್ರರಾಯರು ಕಟ್ಟಿ ಬೆಳೆಸಿದ, 1927ರಲ್ಲಿ ಗಾಂಧೀಜಿ ಬಂದು ನೋಡಿದ ಜಾಗ ಅದು. ಹಳೆಯ ಹೆಂಚಿನ ಕಟ್ಟಡಗಳು, ಮರಗಳು, ಮರಗಳ ಕೆಳಗೆ ದಟ್ಟವಾದ ನೆರಳು. 2015ರ ಏಪ್ರಿಲಿನಲ್ಲಿ ರಂಗಕರ್ಮಿ ಪ್ರಸನ್ನ ಇಲ್ಲಿಯೇ ಬದನವಾಳು ಸತ್ಯಾಗ್ರಹ ನಡೆಸಿ, ಸುಸ್ಥಿರ ಬದುಕಿನ ಮಾತನ್ನು ನಾಡಿಗೆಲ್ಲ ಕೇಳಿಸಿದ್ದರು. ನೂಲು, ಮಗ್ಗ, ಕೈಕಸುಬು. ವಿಡಿಯೋ ಗೇಮಿನ ಹುಚ್ಚಿನವನಿಗೆ ಇಲ್ಲೇನು ಕೆಲಸ ಎಂದು ಯಾರಾದರೂ ಕೇಳಬಹುದು. ಗೆಳೆಯ ಬಟ್ಟೆಯ ತುಂಡೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಹಾಸಿನ ಎಳೆ, ಹೊಕ್ಕಿನ ಎಳೆ. ಎರಡೂ ಸಂಧಿಸುವಲ್ಲೆಲ್ಲ ಒಂದು ಪುಟ್ಟ ಚೌಕ. ಒಂದು ಕಡೆ ಹಾಸು ಮೇಲೆ, ಪಕ್ಕದಲ್ಲಿ ಹೊಕ್ಕು ಮೇಲೆ. ‘ಮುಸ್ತಾಫಾನೂ ಹಿಂಗೆ ತಾನೆ ಅಣ್ಣ?’ ಎಂದ. ನನ್ನ ಮೈ ಜುಮ್ಮೆಂದಿತು. ಆ ಆಟದ ಪರದೆ ಅಗಲಕ್ಕೆ 384 ಚುಕ್ಕಿ, ಎತ್ತರಕ್ಕೆ 224. ಒಟ್ಟು 86,016 ಚೌಕಗಳಲ್ಲಿ ಅವನ ಹಳದಿ ಟೋಪಿಯೂ, ಡೈನೊಸಾರಿನ ಹಲ್ಲೂ, ಕಾರಿನ ಹೊಗೆಯೂ ನೇಯ್ದುಕೊಂಡಿದ್ದವು. ಚೌಕಾಬಾರದ ಇಪ್ಪತ್ತೈದು ಮನೆ, ಮುಮ್ಮಡಿಯವರ ಕುದುರೆ ಓಡಾಡಿದ ಅರವತ್ತನಾಲ್ಕು ಮನೆ, ಈ ಖಾದಿ, ಆ ಪರದೆ. ಚೌಕಗಳನ್ನು ಜೋಡಿಸಿ ಅದರೊಳಗೆ ಲೋಕವೊಂದನ್ನು ತುಂಬುವ ಆಸೆ ಮನುಷ್ಯನಿಗೆ ಎಷ್ಟು ಹಳೆಯದು! ನೂಲುತ್ತಿದ್ದ ಹೆಂಗಸೊಬ್ಬರು, ‘ಏನಪ್ಪ, ಬಟ್ಟೇಲಿ ಅಂಥದ್ದೇನ್ ಕಂಡ್ತು?’ ಎಂದು ನಕ್ಕರು. ಆ ತುಂಡಿನ ಥಾನಿನಲ್ಲೇ ಎರಡು ಮೀಟರು ಕೊಂಡೆ.

ಅಲ್ಲಿಂದ ಊರೊಳಗೆ ನಡೆದೇ ಹೋದೆವು. ನೆಲಕ್ಕೆ ಬ್ಲಾಕುಗಳನ್ನು ಹಾಸಿದ ಒಂದು ದಾರಿಯಲ್ಲಿ ಅವನ ಹೆಜ್ಜೆ ನಿಧಾನವಾಯಿತು. ಈ ದಾರಿಯ ಕಥೆ ನಾಡಿಗೆ ಗೊತ್ತು. 1993ರ ಮಾರ್ಚಿನಲ್ಲಿ ದೇವಸ್ಥಾನ ಪ್ರವೇಶದ ವಿವಾದ ಬೆಳೆದು ಮೂವರು ದಲಿತರ ಕೊಲೆಯಾಯಿತು. ದಲಿತರ ಕೇರಿಗೂ ಲಿಂಗಾಯತರ ಬೀದಿಗೂ ನಡುವಿದ್ದ ದಾರಿ ಮುಚ್ಚಿಹೋಯಿತು. ಅದು ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು. ಭಾರತ್ ಜೋಡೋ ಯಾತ್ರೆಯಲ್ಲಿ ಬಂದ ರಾಹುಲ್ ಗಾಂಧಿ ಊರಿನವರ ಜೊತೆ ಸೇರಿ ಬ್ಲಾಕು ಹಾಸಿದರು, ಎರಡೂ ಕಡೆಯವರು ಒಟ್ಟಿಗೆ ಕೂತು ಉಂಡರು. ಮುಸ್ತಾಫಾ ಒಸಾಕಾದಿಂದ ಹೊರಟ ವರ್ಷವೇ ಮುಚ್ಚಿದ ದಾರಿ ಇಪ್ಪತ್ತೊಂಬತ್ತು ವರ್ಷ ಹಾಗೇ ಇತ್ತು. ನಾವು ಅಂಗಡಿಯಲ್ಲಿ ಅಕ್ಕಪಕ್ಕ ನಿಂತು ಕೋಲು ತಿರುಗಿಸುತ್ತಿದ್ದ ಕಾಲದಲ್ಲೆಲ್ಲ ಅದು ಮುಚ್ಚಿಯೇ ಇತ್ತು.

‘ನಮ್ಮೂರಲ್ಲಿ ನಾನು ಯಾವ್ ಜಗ್ಲಿ ಮೇಲೆ ಕೂರ್ಬೋದು, ಯಾವುದ್ರು ಮೇಲೆ ಕೂರ್ಬಾರ್ದು ಅನ್ನೋದು ನಡೆಯೋಕೆ ಕಲ್ತಾಗ್ಲೇ ಗೊತ್ತಿತ್ತು ಕನಣ್ಣ’ ಎಂದ. ‘ಚೌಕಾಬಾರ ನಮ್ ಬೀದೀದು ನಮಗೆ, ಅವರ್ ಬೀದೀದು ಅವರಿಗೆ. ಆ ಗೇಮಂಗ್ಡೀಲಿ ಮಾತ್ರ ಯಾರೂ ಯಾವ್ ಬೀದಿ ಅಂತ ಕೇಳ್ನಿಲ್ಲ. ಒಂದ್ರೂಪಾಯಿ ಅದಾ ಅಂತ ಕೇಳೋರು, ಅಷ್ಟೇ. ನೀನು ಹಿಡ್ದು ಬಿಟ್ಟ್ ಕೋಲ ನಾನು ಹಿಡೀತಿದ್ದಿ. ನನ್ ಬೆವ್ರು ಅದ್ಕೇ ಅಂಟಿರೋದು, ಇನ್ನೊಬ್ಬ ಬಂದು ಅದ್ನೇ ಹಿಡಿಯೋನು. ಒರೆಸ್ಕತಿರ್ನಿಲ್ಲ ಯಾರೂವೆ.’

ಅಂಗಡಿಯ ಮಾಲೀಕ ಸಮಾಜ ಸುಧಾರಕನೇನಲ್ಲ, ನಾಣ್ಯ ಬೇಕಿತ್ತು. ಪೆಟ್ಟಿಗೆಗೆ ಕಣ್ಣಿರಲಿಲ್ಲ. ಆದರೂ ಕತ್ತಲೆಯ ಆ ಒಂದು ಕೋಣೆ ಒಬ್ಬ ಹುಡುಗನಿಗೆ ಏನನ್ನು ಕೊಟ್ಟಿತ್ತೆಂಬುದು ಅಲ್ಲಿ ಅವನ ಪಕ್ಕದಲ್ಲೇ ನಿಂತಿದ್ದ ನನಗೆ ಅಂದು ಆ ದಾರಿಯ ಮೇಲೆ ತಿಳಿಯಿತು. ಹಳೆಯ ಗೇಮುಗಳ ಬಗ್ಗೆ ಬರೆಯುವವರು ಬಣ್ಣ, ಸಂಗೀತ, ಬಾಲ್ಯ ಎಂದೆಲ್ಲ ಬರೆಯುತ್ತಾರೆ, ನಾನೂ ಬರೆಯುತ್ತೇನೆ. ಕೋಲಿನ ಮೇಲಿದ್ದ ಬೇರೆಯವರ ಬೆವರಿನ ಬಗ್ಗೆಯೂ ಬರೆಯಬೇಕು. ಆರ್ಕುಟ್ಟಿನ ಆ ಪುಟದಲ್ಲಿ ಅವನು ಊರಿನ ಹೆಸರು ಬರೆಯದೆ ಬಸ್ ಸ್ಟ್ಯಾಂಡಿನ ಗುರುತು ಕೊಟ್ಟದ್ದು ಏಕೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಉಳಿದಿರಲಿಲ್ಲ.

ಅವನ ಮನೆ ಇನ್ನೂ ಎರಡು ತಿರುವು ಇರುವಾಗಲೇ ಆ ಸಂಗೀತ ಕಿವಿಗೆ ಬಿತ್ತು. ಜಗಲಿಯ ಮೇಲೆ ಪೆಟ್ಟಿಗೆ ನಿಂತಿತ್ತು! ಊರಿನ ಬಡಗಿಯೊಬ್ಬರ ಕೈಕೆಲಸ. ಹಳೆಯ ಬೀರುವಿನ ಹಲಗೆ, ಅಂಚಿಗೆ ಹೊಸ ಪ್ಲೈವುಡ್. ಒಳಗೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರು, ಯಾರೋ ಎಸೆಯಲಿದ್ದ ಮಾನಿಟರು, ತರಿಸಿಕೊಂಡ ಎರಡು ಕೋಲು, ಬಣ್ಣಬಣ್ಣದ ಗುಂಡಿ. ಹಳೆಯ ಯಂತ್ರದಂತೆಯೇ ಹೊಸ ಕಂಪ್ಯೂಟರು ನಡೆದುಕೊಳ್ಳುವ ಹಾಗೆ ಮಾಡುವ ತಂತ್ರಾಂಶ ಮೇಮ್. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಶುರುಮಾಡಿದ ಕೆಲಸವನ್ನು ಅಲ್ಲಿಂದೀಚೆಗೆ ಲೋಕದ ಮೂಲೆಮೂಲೆಯ ಉತ್ಸಾಹಿಗಳು ಸಂಬಳವಿಲ್ಲದೆ ಮುಂದುವರಿಸಿಕೊಂಡು ಬಂದಿದ್ದಾರೆ. ಒಂದೊಂದು ಚಿಪ್ಪು ಹೇಗೆ ತಪ್ಪುತ್ತಿತ್ತು, ಎಲ್ಲಿ ತಡವರಿಸುತ್ತಿತ್ತು ಎಂಬುದನ್ನು ಸಹ ಹಾಗ್ಹಾಗೇ ಉಳಿಸುವ ಶ್ರದ್ಧೆ ಅವರದು. ನಾಣ್ಯದ ಕಿಂಡಿಯನ್ನೂ ಗೆಳೆಯ ಬಿಟ್ಟಿಲ್ಲ. ಒಂದು ರೂಪಾಯಿ ಹಾಕಬೇಕು, ಕೆಳಗಿನ ಡಬ್ಬಿಯಿಂದ ಅದೇ ರೂಪಾಯಿ ತೆಗೆದು ಮತ್ತೆ ಹಾಕಬಹುದು. ‘ನಾಣ್ಯ ಬೀಳೋ ಸದ್ದಿಲ್ದೆ ಅದು ಆಟ ಆಯ್ತದಾ?’ ಎಂದ. ಆಗುವುದಿಲ್ಲ, ನಿಜ.

ಸುತ್ತ ಮಕ್ಕಳ ಗುಂಪು. ಯಾರು ಯಾವ ಬೀದಿಯವರೆಂದು ನಾನು ಕೇಳಲಿಲ್ಲ. ಕೈಯಲ್ಲಿ ಮೊಬೈಲಿದ್ದ ಇಬ್ಬರು ದೊಡ್ಡ ಹುಡುಗರು ಅದನ್ನು ಜೇಬಿಗೆ ಹಾಕಿಕೊಂಡು ಒತ್ತರಿಸಿಕೊಂಡು ಮುಂದೆ ಬಂದರು. ನಾವಿಬ್ಬರೂ ಕೋಲು ಹಿಡಿದೆವು. ಬೆರಳುಗಳು ಎಲ್ಲವನ್ನೂ ನೆನಪಿಟ್ಟುಕೊಂಡಿದ್ದವು! ಯಾವ ಪೀಪಾಯಿಯೊಳಗೆ ಊಟ, ಯಾವ ಮೂಲೆಯಿಂದ ಕತ್ತಿ ಹಿಡಿದವನು ಬರುತ್ತಾನೆ, ಎಲ್ಲಿ ನಿಂತರೆ ಏಟು ತಗಲುವುದಿಲ್ಲ, ಎಲ್ಲವೂ. ‘ಮಾವಾ ಹಿಂದೆ ಹಿಂದೆ’, ‘ಅಂಕಲ್ ಊಟ ತಗಳಿ, ಲೈಫ್ ಹೋಯ್ತದ’ ಎಂದು ಬೆನ್ನ ಹಿಂದೆ ಕೂಗಾಟ. ಮೂರನೆಯ ಸ್ಟೇಜಿನಲ್ಲಿ ಕಾರು ಬಂದಾಗ ಜಗಲಿಯೇ ಎದ್ದು ಕುಣಿಯಿತು.

ನಮ್ಮ ಕಾಲದ ಅಂಗಡಿಯಲ್ಲಿ ಇಲ್ಲದ ಒಂದು ದನಿ ಆ ಗದ್ದಲದಲ್ಲಿತ್ತು. ನೀಲಿ ಪರದೆಯ ಒಳಗೆ ಒಬ್ಬ ಹುಡುಗಿಯನ್ನೂ ನಾನು ನೋಡಿದ್ದಿಲ್ಲ. ಅಲ್ಲಿ ಬೀದಿ ಕೇಳುತ್ತಿರಲಿಲ್ಲ ಸರಿ, ಹುಡುಗಿಯರು ಬರಬಹುದೆಂಬ ಯೋಚನೆ ಕೂಡ ಯಾರಿಗೂ ಇರಲಿಲ್ಲ. ಹ್ಯಾನಾಳನ್ನು ಆರಿಸಿಕೊಂಡರೆ ನಗುತ್ತಿದ್ದರು. ಇಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು, ಗೆಳೆಯನ ಅಕ್ಕನ ಮಗಳು, ಆರಂಭದಿಂದಲೂ ನನ್ನ ಮೊಣಕೈ ಹತ್ತಿರವೇ ನಿಂತಿದ್ದಳು. ನನ್ನ ಕೊನೆಯ ಲೈಫು ಹೋದ ಕೂಡಲೇ ಕೋಲನ್ನು ಕಸಿದುಕೊಂಡು, ರೂಪಾಯಿ ಹಾಕಿ, ಹ್ಯಾನಾಳನ್ನೇ ಆರಿಸಿ, ನನ್ನನ್ನು ಮುಗಿಸಿದ್ದ ಬಾಸನ್ನು ನಾಲ್ಕೇ ಒದೆತಕ್ಕೆ ಕೆಡವಿದಳು. ಇವಳ ಕೈಯಲ್ಲಿ ಹ್ಯಾನಾ ಎಷ್ಟು ಬೇರೆಯಾಗಿ ಆಡುತ್ತಾಳೆಂದು ನಾನು ಬಾಯಿಬಿಟ್ಟು ನೋಡಿದೆ. ಮುಸ್ತಾಫಾನನ್ನು ಬಿಟ್ಟು ಬೇರೆಯವರನ್ನು ಹೀಗೂ ಆಡಬಹುದೆಂಬುದೇ ನನಗೆ ಹೊಸದು.

ಒಸಾಕಾದವರು ಆ ಆಟವನ್ನು ಮೂವರು ಒಟ್ಟಿಗೆ ಆಡುವಂತೆ ಮಾಡಿದ್ದರೆಂದು ನಾನು ಹೇಳಿದ್ದೇ ತಪ್ಪಾಯಿತೇನೋ ಎನ್ನುವಷ್ಟು ಗಲಾಟೆ ಎದ್ದಿತು. ಅವಳು ಪರದೆಯಿಂದ ಕಣ್ಣು ಕೀಳದೆ ಕೇಳಿದಳು: ‘ಮಾವಾ, ಮೂರ್ನೇ ಕೋಲು ಯಾವಾಗ್ ಹಾಕಿಯೆ?’

‘ಆಚಾರ್ರು ಭಾನುವಾರ ಬತ್ತಾರೆ ಕನವ್ವ. ಹಲಗೆ ವಸಿ ಅಗಲ ಮಾಡ್ಬೇಕು.’

‘ಅದು ಯಾರ್ಗೆ?’ ಎಂದು ಹಿಂದಿನಿಂದ ನಾಲ್ಕಾರು ದನಿ ಒಟ್ಟಿಗೇ ಕೇಳಿದವು. ಉತ್ತರಕ್ಕೆ ಕಾಯದೆ ಒಬ್ಬ ಮುಂದೆ ಬಗ್ಗಿ ಪರದೆಯ ಕೆಳಗಿನ ಅಂಚಿನಲ್ಲಿ ತನ್ನ ರೂಪಾಯಿಯನ್ನು ಇಟ್ಟ. ಅದರ ಪಕ್ಕಕ್ಕೆ ಇನ್ನೊಂದು ಬಂತು, ಮತ್ತೊಂದು ಬಂತು.